ಕೋಟೆ ನೋಡಲು ಬಂದ ಅಣ್ಣ-ತಂಗಿ

ಬೈಕು ಬಂದು ನಿಂತಾಗ ರತನ್ ಬಾರ್ಕೂರು ಕೋಟೆಯ ಕಂದಕದ ಅಂಚಿನಲ್ಲಿ ಕುಳಿತು, ತಂಗಿ ದಿವ್ಯಾಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದ. ಅವನು ತಲೆ ಎತ್ತಲಿಲ್ಲ. ನೋಡಿದವಳು ದಿವ್ಯಾ. ಇಬ್ಬರು ಹುಡುಗರು. ಬೆಳಿಗ್ಗೆ ನೋಡಿದ್ದ ಕತ್ತಲೆ ಬಸದಿಯ ಎದುರೂ ಇವರೇ ರಸ್ತೆಯಾಚೆ ನಿಂತು ತಮ್ಮನ್ನು ನೋಡುತ್ತಿದ್ದರೆಂಬುದು ಅವಳಿಗೆ ಈಗ ನೆನಪಾಯಿತು. ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಅಲ್ಲಾಡ್ಬೇಡ ಹೆಣೆ, ತುದಿ ಸಿಕ್ಕಿತ್" ಎಂದ ರತನ್.

"ಎಂತ ನಡಿತಿತ್ತ್ ಇಲ್ಲ್?" ಬೆನ್ನ ಹಿಂದಿನಿಂದ ದನಿ ಬಂತು.

ಮುಂಬೈಯ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದ ರತನ್ ಬಹಳ ಕಾಲದ ಮೇಲೆ ಕೋಟ ಪಡುಕರೆಯ ಮನೆಗೆ ಬಂದಿದ್ದ. ಬಿ.ಎ. ಓದುತ್ತಿದ್ದ ದಿವ್ಯಾ, ಹಳೆಯ ರಾಜಧಾನಿಯಾದ ಬಾರ್ಕೂರನ್ನು ತಾನೇ ಸುತ್ತಾಡಿಸಿ ತೋರಿಸುತ್ತೇನೆಂದು ಹಟ ಹಿಡಿದು ಅಣ್ಣನನ್ನು ಕರೆತಂದಿದ್ದಳು. ಬಸದಿ, ಕೆರೆ, ದೇವಸ್ಥಾನಗಳು, ಕೊನೆಗೆ ಕೋಟೆ. ಅವಳು ರಾಜರ ಕಥೆ ಹೇಳುತ್ತ ಮುಂದೆ ನಡೆದರೆ ಅವನು "ಹೌದಾ? ಇಲ್ಲಿಯಾ?" ಎಂದು ಕೇಳುತ್ತ ಹಿಂದೆ ಬರುತ್ತಿದ್ದ. ಇಷ್ಟು ಹೊತ್ತು ಅದೊಂದು ಒಳ್ಳೆಯ ದಿನವಾಗಿತ್ತು.

"ಕೋಟೆ ಕಾಂಬುಕೆ ಬಂದದ್" ಎಂದು ರತನ್ ಎದ್ದು ನಿಂತ. "ಇದ್ ನನ್ ತಂಗಿ."

ಹುಡುಗರಲ್ಲಿ ಕೆಂಪು ಅಂಗಿ ತೊಟ್ಟಿದ್ದವನು ನಕ್ಕ. "ಎಲ್ರೂ ಹಾಂಗೇ ಹೇಳುದ್. ಕಾರ್ಡ್ ತೋರ್ಸಿ."

ದಿವ್ಯಾ ಕಾಲೇಜಿನ ಕಾರ್ಡು ತೆಗೆದಳು. ರತನ್ ಕ್ಯಾಂಟೀನಿನ ಪಾಸು ಕೊಟ್ಟ. ಕೆಂಪು ಅಂಗಿಯವನು ಎರಡನ್ನೂ ಅಕ್ಕಪಕ್ಕ ಹಿಡಿದು ಓದಿದ. ಒಂದರಲ್ಲಿ ದಿವ್ಯಾ ಮೊಗವೀರ, ಇನ್ನೊಂದರಲ್ಲಿ ರತನ್ ಕುಂದರ್. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು ಒಂದು, ಮುಂಬೈಯಲ್ಲಿ ಮಾವ ಬರೆಸಿದ್ದು ಇನ್ನೊಂದು. ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಈಗ ರತನ್ ಅದನ್ನು ವಿವರಿಸಲು ಹೋದರೆ ಗಾಬರಿಯಲ್ಲಿ ನಡುನಡುವೆ ಹಿಂದಿ ಬಂದು ಸೇರಿ, ಅವನ ಮಾತೆಲ್ಲ ಸುಳ್ಳಿನ ಹಾಗೆ ಕೇಳಿಸಿತು. ಎರಡನೆಯವನು ಮೊಬೈಲು ಎತ್ತಿ ಫೋಟೋ ಹೊಡೆಯತೊಡಗಿದ. ದಿವ್ಯಾ ವೇಲಿನಿಂದ ಮುಖ ಮುಚ್ಚಿಕೊಂಡಳು. ಮುಚ್ಚಿಕೊಂಡದ್ದೇ ತಪ್ಪಾಯಿತೇನೋ ಎಂದು ಮರುಕ್ಷಣವೇ ಅನ್ನಿಸಿತು.

"ಮನೆಗೆ ಫೋನ್ ಮಾಡ್. ನಾನ್ ಮಾತಾಡ್ತೆ" ಎಂದ ಕೆಂಪು ಅಂಗಿಯವನು.

ಅವಳು ಮನೆಯ ನಂಬರು ಒತ್ತಿದಳು. ಅವನು ಫೋನು ಕಿತ್ತುಕೊಂಡು ಸ್ಪೀಕರ್ ಹಾಕಿದ. ತಾಯಿ ಪದ್ದುವಿನ "ಹಲೋ" ಕೇಳಿದಾಗ ದಿವ್ಯಾಳಿಗೆ ಜೀವ ಬಂದಂತಾಯಿತು. ಬಾಯಿ ತೆರೆಯುವಷ್ಟರಲ್ಲಿ ಅವನು ಕೈಯೆತ್ತಿ ತಡೆದ.

"ಅಮ್ಮಾ, ನಿಮ್ ಮಗ್ಳ್ ಎಲ್ಲಿತ್ತ್? ಒಬ್ಬ ಗಂಡಿನ್ ಒಟ್ಟಿಗೆ ಸಿಕ್ಕಿತ್ ನಮ್ಗೆ."

ಆ ಕಡೆ ಅಂಗಳದ ಕೋಳಿಯ ಸದ್ದು ಕೇಳುತ್ತಿತ್ತು. ಪದ್ದು ಕೂಡಲೇ ಗಟ್ಟಿಯಾಗಿ ಹೇಳಿದಳು:

"ನನ್ ಮಗ್ಳಾ? ಅದ್ ಮನೆಗೇ ಇತ್ತಲೆ. ಒಳ್ಗ್ ಮನಿಕಂಡಿತ್ತ್. ನೀವ್ ಬೇರೆ ಯಾರನ್ನೋ ಕಂಡದ್."

ತಾಯಿ ಆ ಸುಳ್ಳನ್ನು ಎಷ್ಟು ಬೇಗ, ಎಷ್ಟು ನಂಬುವ ಹಾಗೆ ಹೇಳಿದಳೆಂದರೆ, ದಿವ್ಯಾಳಿಗೆ ತಾನು ನಿಜವಾಗಿಯೂ ಮನೆಯೊಳಗೆ ಮಲಗಿರಬಾರದಿತ್ತೇ ಅನ್ನಿಸಿತು.

ತಂಗಿಯೆಂದದ್ದು ಸುಳ್ಳೇ ಎಂದುಕೊಂಡ ಕೆಂಪು ಅಂಗಿಯವನು ರತನ್‌ನ ಕಾಲರು ಹಿಡಿದ. ಮೊದಲ ಏಟಿಗೇ ರತನ್ ಕಂದಕದ ಅಂಚಿಗೆ ಬಿದ್ದ. ಎರಡನೆಯವನು ಒದೆಯಲು ಕಾಲೆತ್ತಿದ.

"ಅಬ್ಬೀ, ಸುಳ್ಳ್ ಹೇಳ್ಬೇಡ!" ದಿವ್ಯಾ ತಾಯಿಗೆ ಕೇಳುವಂತೆ ಫೋನಿನತ್ತ ಕಿರುಚಿದಳು. "ಅಣ್ಣಯ್ಯಂಗ್ ಹೊಡಿತ್ರ್!"

"ಅಯ್ಯೋ! ಅವ ನನ್ ಮಗ! ಅದ್ ಅವ್ನ್ ತಂಗಿ!" ಪದ್ದು ಕೂಗಿಕೊಂಡಳು. "ಹೊಡಿಬೇಡಿ, ನಿಮ್ ಕಾಲ್ ಹಿಡಿತೆ. ಹೆಣ್ಣಿನ್ ಹೆಸ್ರ್ ಹಾಳಾತ್ತ್ ಅಂದೇಳಿ ಹೆದ್ರಿ ಹಾಂಗ್ ಹೇಳ್ದೆ... ರತ್ನಾ, ಮಗಾ, ಇದ್ಯಾ?"

ಎತ್ತಿದ ಕಾಲು ಕೆಳಗಿಳಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಕೆಂಪು ಅಂಗಿಯವನು ರತನ್‌ನ ಕೈಹಿಡಿದು ಎಬ್ಬಿಸಿದ. ಅವನ ಬೆನ್ನಿಗೆ ಅಂಟಿದ ಮಣ್ಣನ್ನು ತಾನೇ ಕೊಡವಿ, ಕಾರ್ಡು, ಫೋನುಗಳನ್ನು ಹಿಂದಿರುಗಿಸಿದ.

"ಮೊದ್ಲೇ ಸಮಾ ಹೇಳುಕಾಗ್ದಾ? ಬೇಜಾರ್ ಮಾಡ್ಕಣ್ಬೇಡ ಮಾರಾಯಾ. ನಾವ್ ಇದೆಲ್ಲ ಮಾಡುದ್ ನಿನ್ ತಂಗಿಯಂಥವ್ರಿಗೋಸ್ಕರವೇ." ಬೈಕು ಹತ್ತಿದ ಮೇಲೆ ನೆನಪಾದವನಂತೆ ತಿರುಗಿ ಕೈತೋರಿಸಿದ. "ಆ ಬದಿಗೆ ಆನೆ ಲಾಯ ಇದ್ದಿತ್ತಂಬ್ರ್. ಕಂಡ್ಕಂಡ್ ಹೋಗಿ."

ಅಣ್ಣ-ತಂಗಿ ಮತ್ತೇನನ್ನೂ ನೋಡಲಿಲ್ಲ. ಬಸ್ ಸ್ಟಾಪಿನ ದಾರಿ ಹಿಡಿದರು. ದಿವ್ಯಾ ಕುಂಟುತ್ತಿದ್ದಳು. ರತನ್ ಹತ್ತಿರ ಬಂದು ಅವಳ ತೋಳು ಹಿಡಿಯಲು ಕೈ ಚಾಚಿದ.

"ಮುಟ್ಬೇಡ ಅಣ್ಣಯ್ಯ" ಎಂದಳು ಅವಳು ಮೆಲ್ಲಗೆ. "ಯಾರಾರೂ ಕಾಂತ್ರ್."

ಅವನ ಕೈ ಹಿಂದೆ ಸರಿಯಿತು. ಅಲ್ಲಿಂದ ಮುಂದೆ ಅವನು ಸಾಕಷ್ಟು ದೂರ ಬಿಟ್ಟು ನಡೆದ. ಅವಳು ನಿಂತರೆ ತಾನೂ ನಿಲ್ಲುತ್ತಿದ್ದ. ಎದುರಿನಿಂದ ಯಾವುದಾದರೂ ಬೈಕು ಬಂದರೆ ಇಬ್ಬರೂ ಬೇರೆ ಬೇರೆ ಕಡೆಗೆ ಮುಖ ತಿರುಗಿಸುತ್ತಿದ್ದರು.

ಬ್ರಹ್ಮಾವರದ ಬಸ್ಸಿಗೆ ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ಅವನು ಹಿಂದಿನಿಂದ ಹತ್ತಿದ. ಬಸ್ಸು ಹೊರಟು ಸೇತುವೆ ದಾಟಿತು. ಕಂಡಕ್ಟರ್ ಬಂದಾಗ ಹಿಡಿದುಕೊಂಡಿದ್ದ ನೋಟನ್ನು ಮುಂದೆ ಚಾಚಿದಳು.

"ನಿಮ್ ಟಿಕೆಟ್ ಆಯ್ತ್" ಎಂದ ಕಂಡಕ್ಟರ್. "ಹಿಂದ್ ಕೂಕಂಡ್ರಲೆ, ಆ ಅಣ್ಣ ನಿಮ್ದೂ ತೆಕಂಡ್ರ್."

ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿದಳು. ದಿವ್ಯಾ ನೋಟು ಹಿಡಿದ ಕೈಯನ್ನು ಹಾಗೆಯೇ ಚಾಚಿಕೊಂಡಿದ್ದಳು.

"ಯಾವ ಅಣ್ಣ?" ಎಂದಳು.