ಗಂಟಿನ ಮೇಲಿನ ಚೀಟಿ

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿ, ಯಾರ ಕಣ್ಣಿಗೂ ಬೀಳಬಾರದೆಂಬಂತೆ ಮೇಜಿನ ಮೇಲೆ ಬೋರಲು ಹಾಕಿದರು. ತರಗತಿ ಮುಗಿದು ಉಳಿದವರೆಲ್ಲ ಹೋಗಿದ್ದರು. ಎದುರಿಗೆ ನಿಂತಿದ್ದವಳು ಆಸ್ಪತ್ರೆಯ ಲಾಂಡ್ರಿಯ ಹೆಂಗಸು. ಹತ್ತೊಂಬತ್ತು ವರ್ಷ ವಾರ್ಡಿನಿಂದ ವಾರ್ಡಿಗೆ ಬೆಡ್‌ಶೀಟಿನ ಗಂಟು ಹೊತ್ತು ಹೊತ್ತು ಎಲ್ಲರ ಬಾಯಲ್ಲೂ ಗಂಟಕ್ಕನಾಗಿಬಿಟ್ಟಿದ್ದಳು.

"ಇದನ್ನ ಬೇರೆ ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ ಸಾರ್, ನಿಮಗೇ ಮೊದಲು. ಯಾಕೆ, ತಪ್ಪಿದೆಯಾ?"

ತಪ್ಪೇ ಇರಲಿಲ್ಲ, ಅದೇ ತೊಂದರೆ. ಲಾಂಡ್ರಿಯ ಮೇಲ್ವಿಚಾರಕಿ ಮುಂದಿನ ತಿಂಗಳು ನಿವೃತ್ತಿಯಾಗುತ್ತಿದ್ದಳು. ಆ ಜಾಗಕ್ಕೆ ಬರುವವರು ವರದಿ ಬರೆಯಲು ಕಲಿತಿರಬೇಕೆಂದು ಆಸ್ಪತ್ರೆಯವರೇ ಈ ತರಗತಿ ಇಟ್ಟಿದ್ದರು. ಪರೀಕ್ಷೆಗೆ ಒಂದೇ ಒಂದು ಪ್ಯಾರಾ, ವಿಷಯ 'ನನ್ನ ವಿಭಾಗದ ಶುಚಿತ್ವ'. ಬರೆದದ್ದೆಲ್ಲ ನಾಳೆ ಬೆಳಿಗ್ಗೆ ಆಡಳಿತಾಧಿಕಾರಿಯ ಮೇಜಿಗೆ ಹೋಗುತ್ತದೆ. ಜಾಗ ಯಾರಿಗೆಂದು ಹೇಳುವವರೂ ಅವರೇ.

ಪಾಠ ಮಾಡಿದವರು ಮೇಷ್ಟ್ರೇ. ಮೊದಲು ಮುಖ್ಯ ವಾಕ್ಯ, ಅದರ ಹಿಂದೆ ಆಧಾರ ವಾಕ್ಯಗಳು, ಕೊನೆಗೆ ಎಲ್ಲವನ್ನೂ ಬಿಗಿದು ಕಟ್ಟುವ ಒಂದು ವಾಕ್ಯ. ಉಳಿದವರು ಪಿಳಿಪಿಳಿ ಕಣ್ಣು ಬಿಡುತ್ತಿದ್ದಾಗ ಗಂಟಕ್ಕ, "ನಾವು ಗಂಟಿನ ಮೇಲೆ ಚೀಟಿ ಸಿಕ್ಕಿಸ್ತೀವಲ್ಲ, ಹಾಗೇ ಅಲ್ವಾ ಸಾರ್? ಶೀಟು ಇಪ್ಪತ್ತು ಅಂತ ಬರೆದ ಮೇಲೆ ಒಳಗೆ ದಿಂಬಿನ ಕವರ್ ಇರಬಾರ್ದು" ಎಂದಿದ್ದಳು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿ ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ್ದರು. ಈಗ ಅದೇ ಚೀಟಿ ಅವರ ಕುತ್ತಿಗೆಗೆ ಬಂದಿತ್ತು. ಕಾಗದವನ್ನು ತಿರುಗಿಸಿ ಮೂರನೇ ಸಲ ಓದಿದರು.

'ನಮ್ಮ ಆಸ್ಪತ್ರೆಯ ಬೆಡ್‌ಶೀಟುಗಳು ಶುಚಿಯಾಗಿಲ್ಲ. ಎರಡನೇ ಮೆಷಿನ್ನಿನಲ್ಲಿ ನಾಲ್ಕು ತಿಂಗಳಿಂದ ನೀರು ಕಾಯುತ್ತಿಲ್ಲ. ಸೋಪಿನ ಪುಡಿ ಮೂರು ಅಳತೆ ಹಾಕುವ ಕಡೆ ಒಂದೇ ಹಾಕಿ ಎಂದು ಹೇಳಿದ್ದಾರೆ. ಶೀಟು ಸಾಲದೆ, ಒಣಗುವ ಮೊದಲೇ ವಾರ್ಡಿಗೆ ಕೊಡುತ್ತಿದ್ದೇವೆ. ಆದ್ದರಿಂದ ಈ ಶೀಟಿನ ಮೇಲೆ ನನ್ನ ತಾಯಿಯನ್ನು ನಾನು ಮಲಗಿಸಲಾರೆ.'

"ಗಂಟಕ್ಕ, ಮೊದಲನೇ ಸಾಲು ಒಂದನ್ನ ಬದಲಾಯಿಸಿ. ಶುಚಿಯಾಗಿವೆ ಅಂತ ಬರೀರಿ, ಸಾಕು."

"ಚೀಟಿ ಬದಲಾಯಿಸಿದ್ರೆ ಒಳಗಿನ ಬಟ್ಟೆ ಬದಲಾಗುತ್ತಾ ಸಾರ್? ಬಿಚ್ಚಿದ ಕೂಡ್ಲೇ ಗೊತ್ತಾಗುತ್ತೆ."

"ಹಾಗಾದ್ರೆ ಒಳಗಿನದ್ದನ್ನೂ ಬದಲಾಯಿಸಿ."

"ನೀರು ಕಾಯುತ್ತೆ ಅಂತ ಬರೀಲಾ? ಕೆಳಗೆ ಬಂದು ಕೈ ಹಾಕಿ ನೋಡಿ. ಆಮೇಲೆ ನೀವು ಹೇಳಿದ ಹಾಗೇ ಬರೀತೀನಿ."

ಮೇಷ್ಟ್ರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿ, ದನಿ ತಗ್ಗಿಸಿದರು. "ಹೋಗ್ಲಿ, 'ನಾನು' ಅನ್ನೋದನ್ನಾದ್ರೂ ತೆಗೀರಿ. ಇಂಥ ಬರಹದಲ್ಲಿ ನಾನು, ನನ್ನದು ಬರಬಾರ್ದು."

"ಆ ಪಾಠ ಆಗೇ ಇಲ್ವಲ್ಲ?"

"ಈಗ ಆಯ್ತು."

"ನಾನು ಅನ್ನೋದನ್ನ ತೆಗೆದ್ರೆ ಆ ಶೀಟು ತಾವಾಗೇ ತೊಳ್ಕೊಂಡು ತಾವಾಗೇ ಹೋದವು ಅಂತಾಗುತ್ತೆ ಸಾರ್. ತೊಳೆದೋಳು ನಾನು. ಆ ಪಾಪದಲ್ಲಿ ನಂದೂ ಪಾಲಿದೆ, ಇರ್ಲಿ."

"ಉಂಡ ಮನೆಗೆ ಎರಡು ಬಗೆದ್ಲು ಅಂತಾರಮ್ಮಾ! ಕೈಗೆ ಬಂದ ತುತ್ತು ಬಾಯಿಗೆ ಬರೋದಿಲ್ಲ."

"ಎರಡು ಬಗೆದೋರು ಸೋಪಿನ ಪುಡಿಗೆ ಕೈ ಹಾಕಿದೋರು." ಗಂಟಕ್ಕ ಕಾಗದವನ್ನು ಅವರತ್ತ ಸರಿಸಿದಳು. "ನೀವು ಪ್ಯಾರಾಗೆ ಮಾರ್ಕ್ಸ್ ಹಾಕಿ. ನನಗಲ್ಲ, ಪ್ಯಾರಾಗೆ."

ಮೇಷ್ಟ್ರು ಪೆನ್ನು ತೆಗೆದರು. ಕಾಗದದ ಮೂಲೆಯಲ್ಲಿ, ಇರುವೆಯಷ್ಟು ಚಿಕ್ಕದಾಗಿ, ಹತ್ತಕ್ಕೆ ಹತ್ತು ಎಂದು ಬರೆದರು. ಸಹಿ ಮಾತ್ರ ಹಾಕಲಿಲ್ಲ. "ಇದನ್ನ ಮನೇಲಿಟ್ಕೊಳ್ಳಿ. ಬೆಳಿಗ್ಗೆ ಒಂಬತ್ತರೊಳಗೆ ಬೇರೊಂದು ಬರೆದು ತನ್ನಿ. ಇದನ್ನ ನಾನು ಕಳಿಸಲ್ಲ" ಎಂದರು.

ಗಂಟಕ್ಕನಿಗೆ ಹೆದರಿಕೆಯೇ ಇರಲಿಲ್ಲ ಎಂದರೆ ಸುಳ್ಳು. ಮೇಲ್ವಿಚಾರಕಿಯ ಕುರ್ಚಿ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಇನ್ನು ಮೇಲೆ ಭಾರ ಹೊರಬೇಕಿಲ್ಲದ ಬೆನ್ನು ಎಲ್ಲ ಕಣ್ಣ ಮುಂದೆ ಬಂದವು. ಮನೆಯಲ್ಲಿ ಬೇರೆ ಹಾಳೆ ತೆಗೆದು ಕುಳಿತಳು ಕೂಡ. 'ನಮ್ಮ ಆಸ್ಪತ್ರೆಯ ಬೆಡ್‌ಶೀಟುಗಳು ಶುಚಿಯಾಗಿವೆ' ಎಂದು ಬರೆದಳು. ಅದಕ್ಕೆ ಆಧಾರ ಹುಡುಕಿದಳು. ಒಂದೂ ಸಿಗಲಿಲ್ಲ. ಹಾಳೆಯನ್ನು ಮುದುರಿ ಒಲೆಗೆ ಹಾಕಿದಳು.

ಬೆಳಿಗ್ಗೆ ಲಾಂಡ್ರಿಯಲ್ಲಿ ಅವಳ ಮೊದಲ ಕೆಲಸ ಆಡಳಿತಾಧಿಕಾರಿಯ ವಿಶ್ರಾಂತಿ ಕೋಣೆಯ ಗಂಟು ಕಟ್ಟುವುದು. ಅವರ ಶೀಟುಗಳು ಯಾವಾಗಲೂ ಒಂದನೇ ಮೆಷಿನ್ನಿನವು. ಅವಕ್ಕೆ ಬಿಸಿನೀರು, ಮೂರು ಅಳತೆ ಪುಡಿ, ಮೇಲೆ ಇಸ್ತ್ರಿ. ಗಂಟಕ್ಕ ಅವನ್ನಿಟ್ಟಿದ್ದ ಕಪಾಟಿನ ಹತ್ತಿರ ಹೋದವಳು ತೆರೆಯದೆ ವಾಪಸು ಬಂದಳು. ಎರಡನೇ ಮೆಷಿನ್ನಿನಿಂದ, ಹೆರಿಗೆ ವಾರ್ಡಿಗೆ ಹೋಗಬೇಕಿದ್ದ ರಾಶಿಯಿಂದ, ಎರಡು ಶೀಟು ಎಳೆದು ನೀಟಾಗಿ ಮಡಿಸಿ ಗಂಟು ಕಟ್ಟಿದಳು.

ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರು ಪರೀಕ್ಷೆಯ ಕಾಗದಗಳನ್ನು ಕಂಕುಳಲ್ಲಿ ಹಿಡಿದು ಮೇಲಕ್ಕೆ ಹತ್ತುತ್ತಿದ್ದರು. ಅವಳನ್ನು ಕಂಡು ಕೈ ಚಾಚಿದರು.

"ಎಲ್ಲಿ ನಿಮ್ಮ ಪ್ಯಾರಾ? ನಿಮ್ಮದೊಂದೇ ಬಾಕಿ."

ಗಂಟಕ್ಕ ತುಸು ವಾಲಿ ಗಂಟನ್ನು ತೋರಿಸಿದಳು. ಮೇಲೆ, ಚೀಟಿ ಇರಬೇಕಾದ ಜಾಗದಲ್ಲಿ, ಹತ್ತಕ್ಕೆ ಹತ್ತರ ಕಾಗದವನ್ನು ಪಿನ್ನು ಹಾಕಿ ಸಿಕ್ಕಿಸಿದ್ದಳು.

"ನೀವು ಕಳಿಸೋದು ಬೇಡ ಸಾರ್, ನಾನೇ ಕೊಡ್ತೀನಿ" ಎಂದಳು. "ಆಧಾರ ಒಳಗಿದೆ. ಇನ್ನೂ ಒದ್ದೆ ಆರಿಲ್ಲ."