ಚುಕ್ಕೆಯ ಕೂದಲು

2018ನೇ ಇಸವಿಯ ಆಗಸ್ಟ್ ಹನ್ನೆರಡು, ಭಾನುವಾರ. ಆರ್.ಟಿ. ನಗರದ ಟ್ಯಾಟೂ ಅಂಗಡಿಯೊಂದರಲ್ಲಿ ಬಾಲರಾಜ್ ಮೂರನೆಯ ಮತ್ತು ಕೊನೆಯ ಸಲ ತಲೆಯೊಡ್ಡಿ ಕುಳಿತಿದ್ದ. ವಯಸ್ಸು ಐವತ್ತಮೂರು. ಬೋಳಾದ ನೆತ್ತಿಯ ಮೇಲೆ ಗಯಾಸ್ ಸೂಜಿಯಿಂದ ಒಂದೊಂದೇ ಕಪ್ಪು ಚುಕ್ಕೆ ಇಡುತ್ತಿದ್ದ. ಒಂದು ಚುಕ್ಕೆ ಎಂದರೆ ಒಂದು ಕೂದಲಿನ ಬುಡ.

"ಅಂಕಲ್, ಎರಡು ಸಲ ಕೇಳ್ಲಿಲ್ಲ, ಇವತ್ತು ಕೇಳ್ತೀನಿ," ಎಂದ ಗಯಾಸ್. "ಈ ವಯಸ್ಸಲ್ಲಿ ಯಾರಿಗೋಸ್ಕರ ಇಷ್ಟು ನೋವು? ಹೊಸ ಸಂಬಂಧ ಏನಾದ್ರೂ ನೋಡ್ತಿದ್ದೀರಾ?"

"ಅಮ್ಮನಿಗೋಸ್ಕರ."

ಗಯಾಸ್ ನಕ್ಕ. "ಅಮ್ಮಂಗೆ ಮಗ ಹೆಂಗಿದ್ರೂ ಹೀರೋನೇ ಬಿಡಿ."

"ಅಮ್ಮಂಗೀಗ ನಾನು ಮಗ ಅಲ್ಲಪ್ಪ. ನಮ್ಮಪ್ಪ."

ಸೂಜಿ ನಿಂತಿತು. ಬಾಲರಾಜ್ ತಲೆಯೆತ್ತದೆ ಹೇಳಿ ಮುಗಿಸಿದ. ತಾಯಿ ದ್ರೌಪದಮ್ಮನಿಗೆ ಮರೆವಿನ ಕಾಯಿಲೆ ಹಿಡಿದು ಎರಡು ವರ್ಷವಾಗಿತ್ತು. ಗಂಡ ಆವಲಪ್ಪ ಸತ್ತು ಒಂಬತ್ತು ವರ್ಷವಾದದ್ದು ಅವಳ ನೆನಪಿನಿಂದ ಮೊದಲು ಅಳಿಸಿಹೋಯಿತು. ಆತನ ಏಟುಗಳು ಅಳಿಯಲಿಲ್ಲ. ಬಾಲರಾಜನದು ಅಪ್ಪನದೇ ಮುಖ, ಅಪ್ಪನದೇ ಬೋಳುತಲೆ. ಹೆಂಡತಿ ಗಾರ್ಮೆಂಟ್ಸಿಗೆ ಹೋದ ಮೇಲೆ, ರಾತ್ರಿ ಪಾಳಿ ಮುಗಿಸಿ ಬಂದ ಅವನೇ ತಾಯಿಗೆ ಹಗಲಿನ ಊಟ ತಿನ್ನಿಸಬೇಕು. ಅವನು ತಟ್ಟೆ ಹಿಡಿದು ಸಮೀಪಿಸಿದರೆ ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆಗೆ ಒತ್ತಿಕೊಂಡು, "ಒಡೀಬ್ಯಾಡಿ, ಈಗ ಬಡಿಸ್ತೀನಿ" ಎನ್ನುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಅಪ್ಪನ ಫೋಟೋವನ್ನು ಗೋಡೆಯಿಂದ ಇಳಿಸಿದರೂ ಪ್ರಯೋಜನವಾಗಲಿಲ್ಲ. ರಾತ್ರಿ ಸೊಸೆಯ ಕೈಯಿಂದ ತಿನ್ನುವ ನಾಲ್ಕು ತುತ್ತೇ ಅವಳ ದಿನದ ಆಹಾರ. ಅವಳು ಸೊರಗಿದಂತೆ ಸೀರೆಯಲ್ಲಿ ನೆರಿಗೆಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತ ಬಂದಿದ್ದವು.

"ವಿಗ್ ಹಾಕ್ಬಹುದಿತ್ತಲ್ಲ, ಅಂಕಲ್?"

"ಹಾಕಿದ್ದೆ. ನನ್ನ ತಳ್ಳೋವಾಗ ಅವಳ ಕೈಗೇ ಬಂತು. ಅವತ್ತು ಸಂಜೆವರೆಗೂ ನಡುಗ್ತಾ ಕೂತಿದ್ಲು."

ಗಯಾಸ್ ಸೂಜಿಯನ್ನು ಮತ್ತೆ ನೆತ್ತಿಗೆ ತಂದ. "ಮೊದಲೇ ಹೇಳಿದ್ದೀನಿ, ಇದು ಉದ್ದ ಕೂದಲಲ್ಲ. ತಲೆ ಬೋಳಿಸ್ಕೊಂಡು ನಾಲ್ಕು ದಿನ ಆದ್ಮೇಲೆ ಹೆಂಗಿರುತ್ತೋ ಹಂಗೆ ಕಾಣುತ್ತೆ, ಅಷ್ಟೇ."

"ನಮ್ಮಪ್ಪನ ಥರ ಕಾಣದಿದ್ರೆ ಸಾಕು."

"ಹಾಗಿದ್ರೆ ಹಣೆ ಕಡೆ ಇನ್ನೊಂದು ಬೆರಳು ಕೆಳಗೆ ತರ್ತೀನಿ. ತಡ್ಕೊಳ್ಳಿ."

ಚರ್ಮದ ಕೆಂಪು ಇಳಿಯಲು ಐದು ದಿನ ಹಿಡಿಯಿತು. ಆರನೆಯ ದಿನ ಮಧ್ಯಾಹ್ನ, ಜಕ್ಕೂರಿನ ಹಳೆಯ ಊರಿನೊಳಗಿನ ತನ್ನ ಮನೆಯಲ್ಲಿ, ಬಾಲರಾಜ್ ಅದುವರೆಗೂ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ, ಮುದ್ದೆಯ ತಟ್ಟೆ ಹಿಡಿದು ತಾಯಿಯ ಎದುರಿಗೆ ಕುಳಿತ. ಅವಳ ಕೈ ಸೆರಗಿನ ತನಕ ಹೋಗಿ ನಿಂತಿತು. ಸೂರಿನ ಮೇಲೆ ಒಂದು ಪುಟ್ಟ ವಿಮಾನ ಗೊರಗುಟ್ಟುತ್ತ ಹಾದುಹೋಯಿತು. ಅವಳು ಅದನ್ನು ಗಮನಿಸಲಿಲ್ಲ.

"ಬಾಲೂ."

ಎರಡು ವರ್ಷಗಳಿಂದ ಅವಳು ಅವನನ್ನು ಹಾಗೆ ಕರೆದಿರಲಿಲ್ಲ.

"ನಾನೇ ಕಣಮ್ಮ."

"ಇಂಗ್ ಬಾ." ಅಂಗೈಯನ್ನು ಅವನ ನೆತ್ತಿಯ ಮೇಲಿಟ್ಟಳು. "ಅಷ್ಟೊಂದು ಕೂದ್ಲಿತ್ತಲ್ಲೋ, ಎಲ್ಲಾ ಬೋಳಿಸ್ಬುಟ್ಟಿದ್ದೀಯಲ್ಲ." ಅವಳ ಬೆರಳುಗಳು ಹಣೆಯ ಮೇಲೆ ತಡೆದವು. "ನಿಮ್ಮಪ್ಪ ಓಗ್ಬುಟ್ರಾ?"

ಅವಳು ಕಂಡ ಲೋಕದಲ್ಲಿ ಮಗ ತಲೆ ಬೋಳಿಸಿಕೊಳ್ಳುವುದು ಅಪ್ಪ ಸತ್ತಾಗ. ಆವಲಪ್ಪ ನಿಜವಾಗಿ ಸತ್ತಾಗ ಬಾಲರಾಜ್ ತಲೆ ಕೊಟ್ಟಿರಲಿಲ್ಲ. ಕಿವಿಯ ಸುತ್ತ ಉಳಿದಿದ್ದ ಕೂದಲನ್ನೂ ಆತನಿಗೆ ಕೊಡುವುದಿಲ್ಲವೆಂದು, ಕರ್ಮಕ್ಕೆಂದು ನೆಂಟರು ಕರೆದು ತಂದಿದ್ದ ಕ್ಷೌರಿಕನನ್ನು ಕೆರೆ ಏರಿಯಿಂದಲೇ ಹಿಂದಕ್ಕೆ ಕಳುಹಿಸಿದ್ದ. ಎಡೆಯನ್ನೂ ಇಟ್ಟಿರಲಿಲ್ಲ. ಅಮ್ಮನನ್ನು ಹೊಡೆದವನಿಗೆ ತಾನು ಕೊಡಬೇಕಾದ ಬಾಕಿ ಯಾವುದೂ ಇಲ್ಲವೆಂದು ನೆಂಟರೆದುರಿಗೆ ಹೇಳಿದ್ದ.

"ಹೂಂ," ಎಂದ. "ಹೋದ್ರು. ಇನ್ನು ನಿನ್ನ ಯಾರೂ ಹೊಡೆಯಲ್ಲಮ್ಮ."

ಅವಳ ಮುಖ ಹಗುರಾಗಬಹುದೆಂದು ಅವನು ಕಾದ. ಅವಳು ಅತ್ತಳು. ಸದ್ದಿಲ್ಲದೆ, ಬಹಳ ಹೊತ್ತು, ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ಅವನು ಮುದ್ದೆಯ ತುತ್ತೊಂದನ್ನು ಸಾರಿನಲ್ಲಿ ಅದ್ದಿ ಅವಳ ಬಾಯಿಯ ಬಳಿಗೆ ಒಯ್ದ. ತುಟಿಗಳು ಮುಚ್ಚಿಯೇ ಇದ್ದವು.

"ಅವ್ರಿಗೆ ಎಡೆ ಇಡ್ದೆ ನಾನೆಂಗೋ ತಿನ್ಲಿ?"

"ಆಮೇಲಿಡ್ತೀನಿ. ನೀನು ಮೊದ್ಲು ತಿನ್ನಮ್ಮ."

ಅವಳು ಮುಖ ತಿರುಗಿಸಿದಳು. ಕೊರಳಿನ ಎರಡು ಮೂಳೆಗಳ ನಡುವಿನ ಕುಳಿ ಅವನಿಗೆ ಕಾಣಿಸಿತು. ಬಾಲರಾಜ್ ಎದ್ದು ಅಡುಗೆಮನೆಗೆ ಹೋದ. ಇನ್ನೊಂದು ತಟ್ಟೆಯಲ್ಲಿ ಮುದ್ದೆಯಿಟ್ಟು, ಸೊಪ್ಪಿನ ಸಾರು ಬಿಟ್ಟು, ತಂದು ಅಪ್ಪನ ಫೋಟೋ ಇಳಿಸಿದ್ದ ಬರಿಗೋಡೆಯ ಮುಂದೆ ಇರಿಸಿದ.

"ಅಡ್ಡಬೀಳು."

ಅವನು ಅಡ್ಡಬಿದ್ದ. ಇನ್ನೂ ಮಾಯದ ಹಣೆಯ ಚುಕ್ಕೆಗಳು ನೆಲಕ್ಕೆ ತಾಗಿ ಉರಿದವು. ಎದ್ದು ಬಂದು ಮತ್ತೆ ತುತ್ತು ಹಿಡಿದ. ದ್ರೌಪದಮ್ಮನ ಕಣ್ಣು ಗೋಡೆಯ ಮುಂದಿನ ತಟ್ಟೆಯಿಂದ ಕದಲಲಿಲ್ಲ.

"ಉಪ್ಪು ನೋಡ್ದೇನೋ?" ಎಂದಳು ತಗ್ಗಿದ ದನಿಯಲ್ಲಿ. "ಕಮ್ಮಿಯಾದ್ರೆ ತಟ್ಟೆ ಎಸೀತಾರೆ."

ಬಾಲರಾಜ್ ಒಳಗಿನಿಂದ ಉಪ್ಪು ತಂದು, ಅಪ್ಪನ ತಟ್ಟೆಗೆ ಒಂದು ಚಿಟಿಕೆ ಹಾಕಿದ. ಆಗ ಅವಳು ಬಾಯಿ ತೆರೆದಳು.