ಹನ್ನೊಂದನೆಯ ಕಾಲಂ

ಹನ್ನೊಂದನೆಯ ಕಾಲಮ್ಮಿಗೆ ಬಂದಾಗ ಗೌರೀಶನಿಗೆ ಮೂರನೆಯ ಸಲ ನೀರಡಿಕೆಯಾಯಿತು. ಪೆನ್ನು ಇಟ್ಟು ಒಳಗೆ ಹೋಗಿ ನೀರು ಕುಡಿದು ಬಂದ. ಕಟ್ಟೆಯ ಮೇಲೆ ಕುಳಿತ ಪರಪ್ಪ ಕೈಗಡಿಯಾರ ನೋಡಿಕೊಂಡ. ಒಂದೂವರೆ. ಅರ್ಜಿ ಕಳಿಸಲು ಇವತ್ತೇ ಕಡೆಯ ದಿನ, ಮೂರರೊಳಗೆ ಸವದತ್ತಿಯ ಅಂಚೆ ಕಚೇರಿ ಮುಟ್ಟಬೇಕು.

"ಜಲ್ದಿ ಬರಿಯೋ ಮಾರಾಯಾ. ಆಫೀಸಿನ್ಯಾಗ ಹಾಳಿ ಮ್ಯಾಲ ಹಾಳಿ ಬರದು ಒಗಿಯಾಂವ ನೀ. ಇವತ್ತೇನಾಗೇತಿ?"

"ಝಳ ಭಾಳ ಐತಿ," ಎಂದ ಗೌರೀಶ.

ಇಬ್ಬರೂ ಒಂದೇ ಪಲ್ಟಣದ ಹವಾಲ್ದಾರರು, ಇಬ್ಬರೂ ರಜೆಯ ಮೇಲೆ ಬಂದವರು. ಮನೋಳಿಯ ಪರಪ್ಪನದು ಬಂದೂಕಿನ ಕೆಲಸ, ಉಗರಗೋಳದ ಗೌರೀಶನದು ಕಾಗದದ ಕೆಲಸ. ಬಡ್ತಿ ಮಂಡಳಿಗೆ ಹೋಗುವವರ ಫೈಲು ಕಟ್ಟುವವನು ಅವನೇ. ಜನವರಿಯಲ್ಲಿ ಒಂಬತ್ತು ಜನರ ಫೈಲು ಕಟ್ಟಿ ಕಳಿಸಿದ. ಎಂಟು ಜನ ನಾಯಬ್ ಸುಬೇದಾರರಾದರು. ಪರಪ್ಪನದೊಂದು ಮಾತ್ರ 'ಪರೀಕ್ಷೆ ಪಾಸಾದ ದಾಖಲೆ ಇಲ್ಲ' ಎಂಬ ಷರಾ ಹೊತ್ತು ತಿರುಗಿ ಬಂತು. ಆತ ಪಾಸಾಗಿದ್ದ, ಅದೂ ಮೊದಲ ನಂಬರಿನಲ್ಲಿ. ಮರುಪರಿಶೀಲನೆಯ ಈ ಅರ್ಜಿ ನಡೆಯದಿದ್ದರೆ ಡಿಸೆಂಬರಿಗೆ ಹವಾಲ್ದಾರನಾಗಿಯೇ ನಿವೃತ್ತನಾಗಿ ಮನೆಗೆ ಬರಬೇಕು.

ಆ ದಾಖಲೆ ಎಲ್ಲಿಗೂ ಹೋಗಿರಲಿಲ್ಲ. ಗೌರೀಶನ ಕಪಾಟಿನಲ್ಲೇ ಇನ್ನೊಬ್ಬನ ಫೈಲಿನೊಳಗೆ ಸಿಕ್ಕಿಕೊಂಡಿತ್ತು. ಊರಿಗೆ ಬರುವ ರೈಲು ತಪ್ಪೀತೆಂಬ ಗಡಿಬಿಡಿಯಲ್ಲಿ ಆತ ತಾಳೆ ನೋಡದೆ ಲಕೋಟೆ ಮುಚ್ಚಿದ್ದ. ಏಪ್ರಿಲಿನಲ್ಲಿ ಅದು ಕೈಗೆ ಸಿಕ್ಕಿತು. ಸಿಕ್ಕಾಗಲಾದರೂ ಹೇಳಬಹುದಿತ್ತಲ್ಲ? ಹೇಳಲಿಲ್ಲ ಪುಣ್ಯಾತ್ಮ. ಯಾರೂ ಇಲ್ಲದಾಗ ಪರಪ್ಪನ ಫೈಲಿಗೆ ಸೇರಿಸಿ ಸುಮ್ಮನಾದ. ಮುಂದಿನ ಮಂಡಳಿಗೆ ಹೋಗಬೇಕಾದದ್ದು ಗೌರೀಶನದೇ ಫೈಲು. ಅದರಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿದ್ದರೂ ಬಡ್ತಿಯ ಮಾತು ಮುಗಿದಂತೆ. ಈ ಸಂಗತಿ ಗೊತ್ತಿದ್ದದ್ದು ಹೆಂಡತಿ ಗಂಗಾಳಿಗೆ ಒಬ್ಬಳಿಗೇ. ಅವಳು ಅಲ್ಲೇ ಮನೆಯ ಮುಂದಿನ ಅಂಗಡಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಭಂಡಾರ ಕೊಡುತ್ತ ಕುಳಿತಿದ್ದಳು. ಕೈ ಅಲ್ಲಿತ್ತು, ಕಿವಿ ಇಲ್ಲಿತ್ತು.

ಗೌರೀಶ ಮತ್ತೆ ಪೆನ್ನು ಹಿಡಿದು ಕಾಲಂ ಓದಿದ. 'ದಾಖಲೆ ಬಿಟ್ಟುಹೋದದ್ದು ಯಾರ ತಪ್ಪಿನಿಂದ? ಹೆಸರು, ಹುದ್ದೆ.'

"ಗೊತ್ತಿಲ್ಲ ಅಂತ ಬರಿ," ಎಂದ ಪರಪ್ಪ.

"ಗೊತ್ತಿಲ್ಲ ಅಂದ್ರ ಅರ್ಜಿ ತಿರುಗಿ ಕಳಸ್ತಾರ." ಹಾಗೆ ತಿರುಗಿ ಕಳಿಸಿದ ಅರ್ಜಿಗಳ ಮೇಲೆ ಗೌರೀಶನೇ ಎಷ್ಟೋ ಸಲ ಮುದ್ರೆ ಒತ್ತಿದ್ದ.

"ಹಂಗಾದ್ರ ಮ್ಯಾಲಿನ ಆಫೀಸಿನ್ಯಾಗ ಕಳದೈತಿ ಅಂತ ಬರಿ. ನಮ್ಮ ಕಡಿಂದಂತೂ ಗಲತಿ ಆಗಿಲ್ಲ. ನೀನ ಕಟ್ಟಿದ ಫೈಲು ಅದು, ನನಗ ಗೊತ್ತಿಲ್ಲೇನು?"

"ಅಣ್ಣಾರು ಹೇಳೂದು ಬರೋಬ್ಬರಿ ಐತಿ," ಎಂದಳು ಗಂಗಾ ಅಂಗಡಿಯಿಂದಲೇ. "ಮ್ಯಾಲಿನವರ ಹೆಸರ ಹಾಕ್ರಿ."

"ಅಲ್ಲೂ ಒಬ್ಬ ಕ್ಲರ್ಕ್ ಇರತಾನಲ್ಲ," ಎಂದು ಗೌರೀಶ ರೇಗಿದ. ಯಾರ ಮೇಲೆ ರೇಗಿದೆನೆಂದು ಅವನಿಗೂ ತಿಳಿಯಲಿಲ್ಲ. ಎದ್ದ, ಅಂಗಳದ ಬಿಸಿಲಿಗೆ ಹೋದ, ಮತ್ತೆ ಬಂದು ಕುಳಿತ.

ಪರಪ್ಪ ಕಾಲ ಹೆಬ್ಬೆರಳು ನೋಡುತ್ತ ಮೆಲ್ಲಗೆ ಹೇಳಿದ. "ನನ್ನ ಕೈಯಾಗ ಕಲ್ತ ಹುಡುಗೂರಿಗೆ ಈಗ ನಾನ ಸಲಾಂ ಹೊಡಿಯಾಕ ಹತ್ತೇನಿ. ಹೊಡೀತೇನಿ, ಅದಕ್ಕ ಸಿಟ್ಟಿಲ್ಲ. ಆದ್ರ ನಮ್ಮವ್ವ... ಪಾಸಾದಾಗ ಓಣಿ ತುಂಬ ಪೇಡೆ ಹಂಚಿದಾಕಿ. ಮೊನ್ನೆ ಕೇಳತಾಳ, ಪರಪ್ಪಾ, ಪಾಸಾಗದಿದ್ರ ಆಗಿಲ್ಲ ಅನಬೇಕಿತ್ತು, ನನ್ನ ಮುಂದ ಯಾಕ ಸುಳ್ಳ ಹೇಳಿದಿ ಅಂತ. ಏನ ಹೇಳಲಿ ಆಕಿಗೆ?"

ಗೌರೀಶನಿಗೆ ಸಾಕು ಈ ಹಾಳು ಸಂಕಟ ಅನ್ನಿಸಿತು. ಫಾರ್ಮನ್ನು ತೊಡೆಯ ಮೇಲೆ ಎಳೆದುಕೊಂಡು, ಮತ್ತೊಮ್ಮೆ ಯೋಚನೆ ಬರುವ ಮೊದಲೇ ಬರೆದುಬಿಟ್ಟ. ಗೌರೀಶ ಸೋಮಪ್ಪ ಹೂಲಿ, ಹವಾಲ್ದಾರ್ ಕ್ಲರ್ಕ್. ಬರೆದು ಪರಪ್ಪನ ಕೈಗೆ ಕೊಟ್ಟು ಗೋಡೆಗೆ ಒರಗಿದ.

ಪರಪ್ಪ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಬಂದ. ಹನ್ನೊಂದರ ಹತ್ತಿರ ಬೆರಳು ನಿಂತಿತು. ಗೌರೀಶ ಕಣ್ಣು ಮುಚ್ಚಿಕೊಂಡ.

ಪರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಚ್ಚಾ, ಇಲ್ಲ್ಯಾಕ ನಿನ್ನ ಹೆಸರ ಜಡದಿ? ದಿನಾ ಕಂಡ ಕಂಡ ಕಾಗದದ ಮ್ಯಾಲ ಸಹಿ ಮಾಡಿ ಕೈಗೆ ರೂಢಿ ಬಿದ್ದೈತಿ ನೋಡು. ಇರಲಿ ಬಿಡು, ಇನ್ನೊಂದು ಕೋರಾ ಫಾರ್ಮ್ ತಂದೇನಿ." ಚೀಲದಿಂದ ಅದನ್ನು ತೆಗೆದು ಮುಂದೆ ಹಿಡಿದ.

ಗೌರೀಶ ಬಾಯಿ ತೆರೆದ. ಬರೆಯುವುದು ಹೇಗೋ ಆಗಿಹೋಗಿತ್ತು. ಬಾಯಿಬಿಟ್ಟು ಹೇಳುವುದು ಇನ್ನೂ ಇತ್ತು. "ಪರಪ್ಪಾ..." ಎಂದ.

ಅಷ್ಟರಲ್ಲಿ ಗಂಗಾ ಅಂಗಡಿ ಬಿಟ್ಟು ಎದ್ದು ಬಂದಿದ್ದಳು. ಹೊಸ ಫಾರ್ಮನ್ನು ಗಂಡನ ತೊಡೆಯ ಮೇಲಿಟ್ಟು ಪೆನ್ನು ಕೈಗೆ ಕೊಟ್ಟಳು. ಬರೆದದ್ದನ್ನು ಪರಪ್ಪನ ಕೈಯಿಂದ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬರೀರಿ," ಎಂದಳು. "ಅಣ್ಣಾರಿಗೆ ಹೊತ್ತಾಗತೈತಿ."